ಮದುವೆಗೆ ಪುರೋಹಿತರನ್ನು ಗೊತ್ತುಮಾಡುವ ಮುನ್ನ

ಉತ್ಥಾನ ದ್ವಾದಶಿ ಕಳೆದು ಲಗ್ನಗಳು ಶುರುವಾಗುವ ಕಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮದುವೆಯ ವಿಚಾರವೇ ಹೆಚ್ಚಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು: ಮದುವೆಯನ್ನು ನಡೆಸಿಕೊಡುವವರು ಯಾರಾಗಬೇಕು, ಅವರನ್ನು ಹೇಗೆ ಆರಿಸಬೇಕು. ಛತ್ರಕ್ಕೆ ಆರು ತಿಂಗಳ ಮೊದಲೇ ಮುಂಗಡ ಕೊಡುವ ನಾವು ಪುರೋಹಿತರ ವಿಚಾರವನ್ನು ಕೊನೆಯ ವಾರದವರೆಗೂ ಮುಂದೂಡುತ್ತೇವೆ. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಶುಭಕಾರ್ಯಗಳನ್ನು ಎರಡು ತಲೆಮಾರು ನಡೆಸಿಕೊಟ್ಟ ಪುರೋಹಿತರಿಗೆ ಈಗ ವಯಸ್ಸಾಗಿದ್ದು, ಪ್ರಯಾಣ ಮಾಡಲಾರರು. ಮಗಳ ಮದುವೆ ಬೆಂಗಳೂರಿನ ಕಲ್ಯಾಣ ಮಂಟಪದಲ್ಲಿ ನಡೆಯಲಿದೆ. ಅಡುಗೆ, ಅಲಂಕಾರದ ಜೊತೆಗೆ ಪುರೋಹಿತರನ್ನೂ ತಾವೇ ಒದಗಿಸುವುದಾಗಿ ಮಂಟಪದವರು ಹೇಳುತ್ತಾರೆ. ನಾವು ಯಜುರ್ವೇದದ ಸ್ಮಾರ್ತರು. ಬೀಗರು ಋಗ್ವೇದದ ಮಾಧ್ವರು. ಮಂಟಪದವರ ಮಾತಿಗೆ ಒಪ್ಪಬಹುದೆ? — ವಧುವಿನ ತಾಯಿ, ಹಾಸನ

ಉತ್ತರ: ಒಪ್ಪುವ ಮೊದಲು ಆ ಪುರೋಹಿತರನ್ನು ನೀವು ಮುಖತಃ ಭೇಟಿಯಾಗಬೇಕು. ಭೇಟಿಗೆ ಅವಕಾಶವಿಲ್ಲ, ಮುಹೂರ್ತದ ದಿನ ಯಾರಾದರೊಬ್ಬರು ಬರುತ್ತಾರೆ ಎಂಬ ಉತ್ತರ ಬಂದರೆ ಆ ಏರ್ಪಾಟನ್ನು ಬಿಟ್ಟುಬಿಡಿ. ಮಂಟಪದವರು ಕಳುಹಿಸುವವರೆಲ್ಲ ಅರ್ಹರಲ್ಲ ಎಂದು ನಾನು ಹೇಳುತ್ತಿಲ್ಲ. ಅವರಲ್ಲಿ ಪಾಠಶಾಲೆಗಳಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ವಿದ್ವಾಂಸರೂ ಇದ್ದಾರೆ. ಆದರೆ ನಿಮ್ಮ ಮನೆಯ ಶಾಖೆ (ವೇದದ ಪಾಠಪರಂಪರೆ), ಸೂತ್ರ (ಮನೆಯ ಸಂಸ್ಕಾರಗಳ ಕ್ರಮ ಹೇಳುವ ಗ್ರಂಥ), ಗೋತ್ರ, ಪ್ರವರ (ಗೋತ್ರದ ಋಷಿಗಳ ಹೆಸರುಗಳು), ಕುಲದೇವರು, ಹಿರಿಯರ ಹೆಸರು ಇವುಗಳಲ್ಲಿ ಒಂದನ್ನೂ ಮೊದಲೇ ಕೇಳಿ ತಿಳಿಯದವರು ಸಂಕಲ್ಪ ಹೇಳಿಸುವಾಗ ನಿಮ್ಮನ್ನೇ ತಡವರಿಸುವಂತೆ ಮಾಡುತ್ತಾರೆ, ಧಾರೆಯ ಸಮಯ ಆ ತಡವರಿಕೆಯಲ್ಲೇ ಕಳೆದುಹೋಗುತ್ತದೆ.

ನಿಮ್ಮ ಮದುವೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಮ್ಮದು ಯಜುರ್ವೇದ ಎಂದಿದ್ದೀರಿ. ಕರ್ನಾಟಕದಲ್ಲಿ ಹಾಗೆಂದರೆ ಬಹುಮಟ್ಟಿಗೆ ಆಪಸ್ತಂಬ ಅಥವಾ ಬೋಧಾಯನ ಸೂತ್ರ. ಋಗ್ವೇದಿಗಳದ್ದು ಆಶ್ವಲಾಯನ ಸೂತ್ರ. ಈ ಸೂತ್ರಗಳಲ್ಲಿ ಮಂತ್ರಗಳಷ್ಟೇ ಅಲ್ಲ, ಕ್ರಿಯೆಗಳ ಕ್ರಮವೂ ಬೇರೆಯಾಗಿದೆ. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ವರ ವಧುವಿನ ಕೈಹಿಡಿಯುವ ಪಾಣಿಗ್ರಹಣವಾದ ಮೇಲೆ ವಧು ಕಲ್ಲನ್ನು ಮೆಟ್ಟುತ್ತಾಳೆ, ಅವಳ ಸಹೋದರ ಬೊಗಸೆಗೆ ಅರಳು ಹಾಕುತ್ತಾನೆ, ಆ ಅರಳನ್ನು ಅಗ್ನಿಗೆ ಅರ್ಪಿಸುವ ಲಾಜಹೋಮ ನಡೆಯುತ್ತದೆ, ಸಪ್ತಪದಿ ಅದರ ನಂತರ ಬರುತ್ತದೆ. ಆಪಸ್ತಂಬದಲ್ಲಾದರೋ ಕೈಹಿಡಿದ ಬೆನ್ನಿಗೇ ಸಪ್ತಪದಿ. ಪ್ರಧಾನ ಹೋಮ, ಕಲ್ಲು ಮೆಟ್ಟುವುದು, ಅರಳು ಎಲ್ಲವೂ ಆಮೇಲೆ. ಎರಡೂ ಕಡೆಯ ಪುರೋಹಿತರು ಮೊದಲೇ ಮಾತನಾಡಿಕೊಂಡಿರದಿದ್ದರೆ ಹೋಮಕುಂಡದ ಎದುರಿನಲ್ಲಿ ಒಬ್ಬರು ‘ಏಳಿ, ಹೆಜ್ಜೆ ಇಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಇನ್ನೂ ಅರಳು ಆಗಿಲ್ಲವಲ್ಲ’ ಎನ್ನುತ್ತಾರೆ. ನಡುವೆ ವಧೂವರರು ಯಾರ ಮುಖ ನೋಡಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಇಬ್ಬರಲ್ಲಿ ಯಾರೂ ತಪ್ಪಲ್ಲ, ತಮ್ಮ ತಮ್ಮ ಸೂತ್ರದಂತೆ ಇಬ್ಬರೂ ಸರಿ.

ವಿವಾಹಹೋಮದ ಯಜಮಾನ ವರನೇ ಆದ್ದರಿಂದ ಹೋಮ, ಪಾಣಿಗ್ರಹಣ, ಸಪ್ತಪದಿಗಳು ವರನ ಸೂತ್ರದಂತೆ ನಡೆಯುವುದು ರೂಢಿ. ನಾಂದಿ (ಪಿತೃದೇವತೆಗಳ ಆಶೀರ್ವಾದ ಕೋರುವ ಕರ್ಮ), ವರಪೂಜೆ, ಕನ್ಯಾದಾನದ ಸಂಕಲ್ಪ ಇವು ನಿಮ್ಮ ಕಡೆಯ ಕೆಲಸಗಳು. ಹಾಗಾಗಿ ನೀವು ಹುಡುಕಬೇಕಾದದ್ದು ನಿಮ್ಮ ಸೂತ್ರವನ್ನು ಬಲ್ಲವರನ್ನು, ಜೊತೆಗೆ ಬೀಗರ ಪುರೋಹಿತರೊಂದಿಗೆ ಹೊಂದಿಕೊಂಡು ಕೆಲಸ ಮಾಡುವ ಸಮಾಧಾನವುಳ್ಳವರನ್ನು. ಮದುವೆಗೆ ಒಂದು ತಿಂಗಳ ಮೊದಲು ಇಬ್ಬರನ್ನೂ ಫೋನಿನಲ್ಲಾದರೂ ಮಾತನಾಡಿಸಿ, ಯಾವ ಭಾಗವನ್ನು ಯಾರು ನಡೆಸುತ್ತಾರೆಂದು ಬರೆದಿಟ್ಟುಕೊಳ್ಳಿ. ನಿಮ್ಮ ಹಳೆಯ ಪುರೋಹಿತರು ಬರಲಾರರಾದರೂ ಅವರ ಸಲಹೆಯನ್ನು ಖಂಡಿತ ಕೇಳಿ. ನಿಮ್ಮ ಮನೆಯ ಪದ್ಧತಿ ಅವರಿಗೆ ಬಾಯಿಪಾಠವಿರುತ್ತದೆ, ತಮ್ಮ ಶಿಷ್ಯರನ್ನೋ ಬಂಧುಗಳನ್ನೋ ಅವರು ಹೇಳಿಕೊಟ್ಟರೆ ಅದಕ್ಕಿಂತ ಒಳ್ಳೆಯ ಪರಿಚಯ ಬೇರೆ ಸಿಗಲಾರದು.

ಭೇಟಿಯಾದಾಗ ಏನು ಕೇಳಬೇಕು ಎಂಬುದನ್ನೂ ಹೇಳುತ್ತೇನೆ. ಆ ದಿನ ತಾವೇ ಬರುತ್ತೀರಾ, ಅಥವಾ ಬೇರೆಯವರನ್ನು ಕಳುಹಿಸುತ್ತೀರಾ ಎಂದು ಮೊದಲು ಕೇಳಿ. ಅದೇ ದಿನ ಇನ್ನೊಂದು ಲಗ್ನ ಒಪ್ಪಿಕೊಂಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ದಟ್ಟ ಮುಹೂರ್ತದ ದಿನಗಳಲ್ಲಿ ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಓಡುವವರಿರುತ್ತಾರೆ, ಆಗ ಗಟ್ಟಿಮೇಳವಾದ ಕ್ಷಣದಿಂದ ಎಲ್ಲವೂ ಅವಸರದಲ್ಲಿ ಮುಗಿಯುತ್ತದೆ. ಸಾಮಗ್ರಿಗಳ ಪಟ್ಟಿಯನ್ನು ಅವರ ಕೈಯಿಂದಲೇ ಪಡೆಯಿರಿ. ಅರಳು, ಸಮಿತ್ತು, ಬೆರಣಿ, ದರ್ಭೆ, ಹೋಮದ ತುಪ್ಪ, ಅಂತರಪಟದ ವಸ್ತ್ರ, ಜೀರಿಗೆ ಬೆಲ್ಲ, ಕಾಶೀಯಾತ್ರೆಯ ಕೊಡೆ ಇವುಗಳಲ್ಲಿ ಯಾವುದನ್ನು ಅವರು ತರುತ್ತಾರೆ, ಯಾವುದನ್ನು ನೀವು ತರಬೇಕು ಎಂಬುದು ಅಲ್ಲೇ ತೀರ್ಮಾನವಾಗಲಿ. ಬಹಳ ಮದುವೆಗಳಲ್ಲಿ ಕೊನೆಯ ಗಳಿಗೆಯಲ್ಲಿ ನೆನಪಾಗುವುದು ಮೆಟ್ಟುವ ಕಲ್ಲು. ಮಂಟಪದ ಅಡುಗೆಮನೆಯಲ್ಲಿ ಈಗ ರುಬ್ಬುವ ಕಲ್ಲು ಇರುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಸಪ್ತಪದಿಯ ಏಳು ಹೆಜ್ಜೆಗಳ ಅರ್ಥವನ್ನು ವಧೂವರರಿಗೆ ಕನ್ನಡದಲ್ಲಿ ಹೇಳಿಕೊಡುತ್ತೀರಾ ಎಂದು ಕೇಳಿ. ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತತಿಗೆ, ಆರನೆಯದು ಋತುಗಳಿಗೆ, ಏಳನೆಯದು ಸಖ್ಯಕ್ಕೆ. ಇಷ್ಟು ಹೇಳಲು ಬೇಕಾಗುವುದು ಕೆಲವೇ ನಿಮಿಷ. ‘ಅದಕ್ಕೆಲ್ಲ ಈಗ ಯಾರಿಗೆ ಪುರುಸೊತ್ತು’ ಎನ್ನುವವರನ್ನು ಬಿಟ್ಟು, ಈ ಪ್ರಶ್ನೆ ಕೇಳಿದ್ದಕ್ಕೆ ಮುಖ ಅರಳಿಸುವವರನ್ನು ಗೊತ್ತುಮಾಡಿಕೊಳ್ಳಿ. ವೀಡಿಯೊದವರ ಅನುಕೂಲಕ್ಕಾಗಿ ಮಂತ್ರವನ್ನು ನಿಲ್ಲಿಸುವುದಿಲ್ಲ, ಅವರಿಗಾಗಿ ಮಾಂಗಲ್ಯಧಾರಣೆಯನ್ನು ಎರಡನೆಯ ಸಲ ಮಾಡಿಸುವುದಿಲ್ಲ ಎಂಬ ಮಾತೂ ಅವರಿಂದ ಬಂದರೆ ಮರುಯೋಚನೆ ಬೇಡ.

ಪ್ರಶ್ನೆ: ನನ್ನ ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ನನ್ನನ್ನು ಓದಿಸಿ ಬೆಳೆಸಿದ್ದು ಅಮ್ಮ. ಧಾರೆಯನ್ನು ಅಮ್ಮನೇ ಎರೆಯಬೇಕೆಂಬುದು ನನ್ನ ಆಸೆ, ಚಿಕ್ಕಪ್ಪನವರಿಗೂ ಒಪ್ಪಿಗೆಯಿದೆ. ಆದರೆ ನಾವು ಕೇಳಿದ ಪುರೋಹಿತರು, ಗಂಡನಿಲ್ಲದವರಿಗೆ ಕನ್ಯಾದಾನದ ಅಧಿಕಾರವಿಲ್ಲ, ಚಿಕ್ಕಪ್ಪ-ಚಿಕ್ಕಮ್ಮನವರೇ ಕೂರಬೇಕು ಎನ್ನುತ್ತಾರೆ. ಶಾಸ್ತ್ರದಲ್ಲಿ ಹಾಗಿದೆಯೆ? — ಓದುಗರು, ಮೈಸೂರು

ಉತ್ತರ: ಅಧಿಕಾರವೇ ಇಲ್ಲ ಎಂಬ ಮಾತು ಸರಿಯಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ ಕನ್ಯೆಯನ್ನು ಕೊಡಬಲ್ಲವರು ಯಾರೆಂಬುದನ್ನು ಸಾಲಾಗಿ ಹೇಳಿದೆ: ತಂದೆ, ತಂದೆಯ ತಂದೆ, ಸಹೋದರ, ಕುಲದ ಬಂಧು, ತಾಯಿ. ಮೊದಲಿನವರು ಇಲ್ಲದಿದ್ದಾಗ ನಂತರದವರು ಎಂಬುದು ಅಲ್ಲಿನ ಕ್ರಮ. ಈ ಸರದಿಯಲ್ಲಿ ತಾಯಿಯ ಹೆಸರು ಕೊನೆಗೆ ಬರುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಟ್ಟು ನಿಮಗೆ ಉತ್ತರಿಸಲಾರೆ. ಆದರೆ ತಾಯಿಯ ಹೆಸರು ಅಲ್ಲಿ ಸ್ಪಷ್ಟವಾಗಿದೆ, ಮತ್ತು ಆಕೆ ಮುತ್ತೈದೆಯಾಗಿರಬೇಕೆಂಬ ಷರತ್ತು ಆ ಶ್ಲೋಕದಲ್ಲಿಲ್ಲ. ಇಷ್ಟಕ್ಕೂ ತಂದೆಯಿಲ್ಲದ ಹುಡುಗಿಯ ತಾಯಿ ಧಾರೆಗೆ ಕೂರುವ ಸಂದರ್ಭವನ್ನೇ ಅಲ್ಲಿ ಹೇಳಿರುವುದರಿಂದ, ಗಂಡನಿಲ್ಲದವಳು ಎಂಬ ಕಾರಣಕ್ಕೆ ಆಕೆಯನ್ನು ದೂರವಿಡುವುದು ಆ ಮಾತಿಗೇ ವಿರುದ್ಧವಾಗುತ್ತದೆ. ಈ ಸ್ಮೃತಿ ನಮಗೆ ಹೊರಗಿನದೂ ಅಲ್ಲ. ಅದರ ಹೆಸರಾಂತ ವ್ಯಾಖ್ಯಾನವಾದ ಮಿತಾಕ್ಷರಾವನ್ನು ವಿಜ್ಞಾನೇಶ್ವರ ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ.

ನೀವು ಕೇಳಿದ ಪುರೋಹಿತರು ಹೇಳಿದ್ದು ರೂಢಿಯನ್ನು. ದಂಪತಿಗಳೇ ಧಾರೆಗೆ ಕೂರಬೇಕೆಂಬ ರೂಢಿ ನಮ್ಮಲ್ಲಿ ಬಲವಾಗಿದೆ, ಅದಕ್ಕಾಗಿ ಅವರನ್ನು ನಿಂದಿಸಬೇಕಾಗಿಲ್ಲ. ಆದರೆ ನಿಮ್ಮ ಮದುವೆಗೆ ಅವರು ಬೇಡ. ಮನಸ್ಸಿಲ್ಲದವರನ್ನು ಒತ್ತಾಯದಿಂದ ಒಪ್ಪಿಸಿ ಕೂರಿಸಿಕೊಂಡರೆ ಧಾರೆಯ ಹೊತ್ತಿನಲ್ಲಿ ಅವರ ಒಂದು ಅರೆಮಾತು, ಒಂದು ನಿಟ್ಟುಸಿರು ಸಾಕು, ನಿಮ್ಮ ತಾಯಿ ನೊಂದುಕೊಳ್ಳುತ್ತಾರೆ. ಮೈಸೂರಿನಂಥ ಊರಿನಲ್ಲಿ ಸ್ಮೃತಿಯನ್ನು ಓದಿಕೊಂಡವರಿಗೆ ಕೊರತೆಯಿಲ್ಲ. ಸಂಸ್ಕೃತ ಪಾಠಶಾಲೆಯ ಅಧ್ಯಾಪಕರೊಬ್ಬರನ್ನು ಕಂಡು ವಿಷಯ ತಿಳಿಸಿದರೆ, ಸಂತೋಷದಿಂದ ಬರುವವರ ಹೆಸರನ್ನು ಅವರೇ ಹೇಳುತ್ತಾರೆ. ಹೊಸದಾಗಿ ಗೊತ್ತುಮಾಡುವವರಿಗೆ ಈ ಸಂಗತಿಯನ್ನು ಮೊದಲ ಭೇಟಿಯಲ್ಲೇ ತಿಳಿಸಿ, ಸಂಕಲ್ಪದಲ್ಲಿ ತಾಯಿಯ ಹೆಸರು ಹೇಗೆ ಬರುತ್ತದೆ ಎಂದು ಕೇಳಿಕೊಳ್ಳಿ. ಮಂಟಪದಲ್ಲಿ ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರ ಕೊಡುವ ಹೊಣೆ ಚಿಕ್ಕಪ್ಪನವರದಾಗಲಿ. ನಿಮ್ಮ ತಾಯಿಯಾಗಲಿ ನೀವಾಗಲಿ ಆ ಹೊತ್ತಿನಲ್ಲಿ ಮಾತಿಗೆ ನಿಲ್ಲಬೇಡಿ.

ಮಹಿಳಾ ಪುರೋಹಿತರನ್ನು ಕರೆಯಬಹುದೇ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಧಾರಾಳವಾಗಿ ಕರೆಯಬಹುದು. ಪುಣೆಯ ಜ್ಞಾನಪ್ರಬೋಧಿನಿ ಸಂಸ್ಥೆಯಲ್ಲಿ ಮಹಿಳೆಯರು ಪೌರೋಹಿತ್ಯದ ಶಿಕ್ಷಣ ಪಡೆದು ಮದುವೆಗಳನ್ನು ನಡೆಸುತ್ತಾ ಬಂದಿದ್ದಾರೆ, ನಮ್ಮಲ್ಲಿಯೂ ಅಂಥವರು ಇದ್ದಾರೆ. ಅವರನ್ನು ಆರಿಸುವಾಗಲೂ ಹಾಸನದವರಿಗೆ ಹೇಳಿದ ಪ್ರಶ್ನೆಗಳನ್ನೇ ಕೇಳಿ.

ಪ್ರಶ್ನೆ: ನಾನು ಲಿಂಗಾಯತ, ನನ್ನನ್ನು ಮದುವೆಯಾಗುವವರು ಒಕ್ಕಲಿಗರು. ಹೋಮವಿಲ್ಲದೆ, ವಚನಗಳನ್ನು ಓದಿ ಅಥವಾ ಪುರೋಹಿತರಿಲ್ಲದೆ ಪ್ರತಿಜ್ಞೆ ಓದಿ ಮದುವೆಯಾಗುವ ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮದುವೆಯಾಗುವ ಇಚ್ಛೆ ನಮ್ಮದು. ಪುರೋಹಿತರಿಲ್ಲದ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ತಂದೆಯವರು ಹೆದರುತ್ತಿದ್ದಾರೆ. — ಓದುಗರು, ದಾವಣಗೆರೆ

ಉತ್ತರ: 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ವೀರಶೈವರಿಗೂ ಅನ್ವಯಿಸುತ್ತದೆ ಎಂದು ಅದರ ಎರಡನೆಯ ಕಲಮಿನಲ್ಲೇ ಹೆಸರಿಸಿ ಹೇಳಿದೆ. ಏಳನೆಯ ಕಲಮಿನ ಪ್ರಕಾರ ವಧು ಅಥವಾ ವರ, ಇಬ್ಬರಲ್ಲಿ ಯಾರ ಕಡೆಯ ರೂಢಿಯ ವಿಧಿಗಳಂತೆಯಾದರೂ ಮದುವೆ ನಡೆಯಬಹುದು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಇಂಥ ಜಾತಿಯ, ಇಂಥ ಪರವಾನಗಿಯ ಪುರೋಹಿತರೇ ಇರಬೇಕೆಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಕೊಡಗಿನಲ್ಲಿ ಕೊಡವರ ಮದುವೆಗೆ ಪುರೋಹಿತರೇ ಇಲ್ಲ. ಹಿರಿಯರೂ ನೆಂಟರೂ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ, ನಾಣ್ಯವಿತ್ತು ಹರಸುತ್ತಾರೆ. ನಿಮ್ಮ ಕಡೆಯ ಮದುವೆಗಳನ್ನು ಲಿಂಗಾಯತ ಗುರುಗಳಾದ ಜಂಗಮರೇ ನಡೆಸಿಕೊಡುವುದು ಬಹಳ ಹಿಂದಿನಿಂದ ಬಂದದ್ದು.

ಆದರೆ ತಂದೆಯವರ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಯಾವ ವಿಧಿಯೂ ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಹಿಂದೂ ವಿವಾಹವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ತಮಿಳುನಾಡಿನಲ್ಲಿ 1967ರ ತಿದ್ದುಪಡಿಯ ಮೂಲಕ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ ಪ್ರತ್ಯೇಕ ಕಲಮು ಸೇರಿದೆ. ಕರ್ನಾಟಕದಲ್ಲಿ ಅಂಥ ಕಲಮು ಇಲ್ಲ. ಕುವೆಂಪು ಅವರು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಲ್ಲೇ ನಡೆಸಿ ತೋರಿಸಿದ ಮಂತ್ರಮಾಂಗಲ್ಯ ಬಹಳ ಗೌರವದ ದಾರಿ, ಅದರಂತೆ ಮದುವೆಯಾದವರು ನಾಡಿನ ತುಂಬ ಇದ್ದಾರೆ. ಆದರೂ ಮುಂದೆ ಯಾವ ಸಂದೇಹಕ್ಕೂ ಎಡೆಯಾಗಬಾರದೆಂದರೆ ಎರಡರಲ್ಲಿ ಒಂದನ್ನು ಮಾಡಿ. ಒಂದೋ, 1954ರ ವಿಶೇಷ ವಿವಾಹ ಕಾಯ್ದೆಯಂತೆ ವಿವಾಹಾಧಿಕಾರಿಯ ಮುಂದೆ ಮದುವೆಯಾಗಿ, ಮಂತ್ರಮಾಂಗಲ್ಯದ ಸಮಾರಂಭವನ್ನು ಬಂಧುಗಳ ಎದುರಿನಲ್ಲಿ ಮಾಡಿಕೊಳ್ಳಿ. ಇದಕ್ಕೆ 30 ದಿನಗಳ ನೋಟಿಸ್ ಬೇಕು, ಮೂವರು ಸಾಕ್ಷಿಗಳು ಬೇಕು. ಇಲ್ಲವೇ, ನಿಮ್ಮ ಮನೆತನದ ರೂಢಿಯ ವಿಧಿಗಳನ್ನು ಜಂಗಮ ಅಯ್ಯನವರ ಸಮ್ಮುಖದಲ್ಲಿ ನಡೆಸಿ, ಅದರೊಂದಿಗೆ ವಚನಗಳನ್ನು ಓದಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನಿಮಗೆ ಎರಡನೆಯದು ಸುಲಭವೆಂದು ನನ್ನ ಅಭಿಪ್ರಾಯ. ತಂದೆಯವರೂ ನೆಮ್ಮದಿಯಾಗಿರುತ್ತಾರೆ.

ನಡೆಸಿಕೊಡುವವರ ಆಯ್ಕೆ ಇಲ್ಲಿಯೂ ಅಷ್ಟೇ ಮುಖ್ಯ. ಸರಳ ಮದುವೆಗಳಲ್ಲಿ ಪ್ರತಿಜ್ಞೆಯನ್ನು ಓದಿಸುವ ಕೆಲಸವನ್ನು ಊರಿನ ಗಣ್ಯರಿಗೆ ಕೊನೆಯ ಕ್ಷಣದಲ್ಲಿ ಒಪ್ಪಿಸುವ ಅಭ್ಯಾಸವಿದೆ. ಅವರು ಕನ್ನಡಕ ಹುಡುಕಿಕೊಂಡು, ಹಾಳೆ ತಿರುವಿಕೊಂಡು, ನಡುವೆ ತಮ್ಮ ಭಾಷಣವನ್ನೂ ಸೇರಿಸಿದರೆ ನಿಮ್ಮಿಬ್ಬರ ಮಾತು ಯಾರಿಗೂ ಕೇಳಿಸುವುದಿಲ್ಲ. ಸ್ಪಷ್ಟವಾಗಿ ಓದಬಲ್ಲ, ನಿಮ್ಮಿಬ್ಬರನ್ನೂ ಬಲ್ಲ ಹಿರಿಯರೊಬ್ಬರನ್ನು ಕೇಳಿಕೊಳ್ಳಿ. ನಿಮ್ಮ ಶಾಲೆಯ ಮೇಷ್ಟ್ರೋ ಅತ್ತೆಯೋ ಆಗಬಹುದು. ಹಿಂದಿನ ದಿನ ಅವರ ಜೊತೆ ಕುಳಿತು ಒಮ್ಮೆ ಪೂರ್ತಿ ಓದಿ ನೋಡಿ.

ಪ್ರಶ್ನೆ: ನಾವು ಕೇಳಿದ ಪುರೋಹಿತರು ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸದೆ ಮುಹೂರ್ತ ಇಟ್ಟುಕೊಡುವುದಿಲ್ಲ ಎಂದರು. ಹಿರಿಯರ ಮಾತನ್ನು ನಂಬದೆ ದಾಖಲೆ ಕೇಳುವುದು ಅವಮಾನವಲ್ಲವೆ? — ಓದುಗರು, ಕೊಪ್ಪಳ

ಉತ್ತರ: ಅವಮಾನವಲ್ಲ. ಅವರನ್ನೇ ಗೊತ್ತುಮಾಡಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿರದಿದ್ದರೆ ಅದು ಬಾಲ್ಯವಿವಾಹ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ತಂದೆತಾಯಿಯರನ್ನು ಮಾತ್ರವಲ್ಲ, ಮದುವೆಯನ್ನು ನಡೆಸಿಕೊಟ್ಟವರನ್ನೂ ಶಿಕ್ಷಿಸುತ್ತದೆ. ಎರಡು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ದಾಖಲೆ ಕೇಳದೆ ‘ಎಲ್ಲ ನೋಡಿಕೊಳ್ಳೋಣ’ ಎನ್ನುವವರ ಬಳಿ ಹೋಗಬೇಡಿ. ನಿಮ್ಮ ಪತ್ರದಲ್ಲಿ ಹುಡುಗಿಯ ವಯಸ್ಸನ್ನು ಬರೆದಿಲ್ಲ. ಆಕೆಗೆ 18 ಆಗಿಲ್ಲವಾದರೆ ಮಾತುಕತೆಯನ್ನು ಇಲ್ಲಿಗೇ ನಿಲ್ಲಿಸಿ, ಆಕೆಯ ಓದು ಮುಂದುವರಿಯಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಪುರೋಹಿತರ ದಕ್ಷಿಣೆ ಎಷ್ಟಿರಬೇಕು? ಮೊದಲೇ ಕೇಳಿದರೆ ವ್ಯಾಪಾರ ಮಾಡಿದಂತಾಗುವುದಿಲ್ಲವೆ? — ಓದುಗರು, ತುಮಕೂರು

ಉತ್ತರ: ಮೊದಲೇ ಕೇಳುವುದೇ ಮರ್ಯಾದೆ. ಊರು, ದಿನ, ಜೊತೆಗೆ ಬರುವವರ ಸಂಖ್ಯೆಯ ಮೇಲೆ ಮೊತ್ತ ಬದಲಾಗುವುದರಿಂದ ಇಷ್ಟೇ ಎಂದು ಹೇಳುವಂತಿಲ್ಲ. ನಾಂದಿಯಿಂದ ಮದುವೆಯ ಕೊನೆಯ ಶಾಸ್ತ್ರವಾದ ನಾಗವಲ್ಲಿಯವರೆಗೆ ಎಲ್ಲವೂ ಸೇರಿದೆಯೇ, ಗೃಹಪ್ರವೇಶ ಬೇರೆಯೇ, ಸಾಮಗ್ರಿಯ ಖರ್ಚು, ಪ್ರಯಾಣ, ಸಹಾಯಕರ ದಕ್ಷಿಣೆ ಇದರಲ್ಲೇ ಬಂತೇ ಎಂದು ತಿಳಿದುಕೊಂಡು ಒಪ್ಪಿದ ಮೇಲೆ ಚೌಕಾಸಿ ಮಾಡಬೇಡಿ. ಓಲಗದವರಿಗೆ, ಫೋಟೊದವರಿಗೆ ಕೇಳಿದಷ್ಟು ಕೊಟ್ಟು, ಹೊಗೆಯ ಮುಂದೆ ಗಂಟೆಗಟ್ಟಲೆ ಕುಳಿತು ಗಂಟಲು ಕಟ್ಟುವವರೆಗೆ ಮಂತ್ರ ಹೇಳಿದವರ ಹತ್ತಿರ ಕೊನೆಯಲ್ಲಿ ಕೊಸರಾಡುವುದನ್ನು ನೋಡಿದಾಗ ನನಗೆ ನಿಜವಾಗಿ ನೋವಾಗುತ್ತದೆ. ದಕ್ಷಿಣೆಯನ್ನು ಫಲತಾಂಬೂಲದೊಂದಿಗೆ ಹಿರಿಯರು ಕೈಯಾರೆ ಕೊಡಲಿ. ಅವರ ಊಟಕ್ಕೆ ಎಲೆ ಹಾಕಿದೆಯೇ ಎಂದು ಮನೆಯವರೊಬ್ಬರು ವಿಚಾರಿಸಲಿ.

ಪ್ರಶ್ನೆ: ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ, ಮದುವೆಯೂ ಅಲ್ಲಿಯೇ. ಅಲ್ಲಿನ ದೇವಸ್ಥಾನದ ಅರ್ಚಕರನ್ನೇ ಕೇಳುವುದೇ, ಅಥವಾ ನಮ್ಮ ಊರಿನ ಪುರೋಹಿತರಿಂದ ವೀಡಿಯೊ ಮೂಲಕ ಮಾಡಿಸುವುದೇ? — ಓದುಗರು, ಶಿವಮೊಗ್ಗ

ಉತ್ತರ: ಅರ್ಚಕರೂ ಪುರೋಹಿತರೂ ಒಂದೇ ಎಂದು ಭಾವಿಸಬೇಡಿ. ಅರ್ಚಕರು ಕಲಿತಿರುವುದು ಆಗಮಗಳಲ್ಲಿ, ಅಂದರೆ ದೇವಾಲಯ ಪೂಜೆಯ ಗ್ರಂಥಗಳಲ್ಲಿ, ಹೇಳಿದ ಪೂಜಾಕ್ರಮ. ಮದುವೆ ಗೃಹ್ಯಸೂತ್ರದ ವಿಷಯ. ಎರಡನ್ನೂ ಬಲ್ಲವರು ಅಲ್ಲಿನ ದೇವಸ್ಥಾನಗಳಲ್ಲಿ ಇರುತ್ತಾರೆ, ಆದರೆ ನಿಮ್ಮ ಸೂತ್ರದಂತೆ ಮಾಡಿಸುತ್ತೀರಾ ಎಂದು ಕೇಳಿಯೇ ಒಪ್ಪಿಕೊಳ್ಳಿ. ಅವರು ತೆಲುಗಿನವರೋ ತಮಿಳಿನವರೋ ಆಗಿದ್ದರೆ ನಮ್ಮ ಕಡೆಯ ಶಾಸ್ತ್ರಗಳು ಅವರಿಗೆ ಗೊತ್ತಿರುವುದಿಲ್ಲ. ಅವುಗಳ ಕ್ರಮವನ್ನು ಬರೆದು ಕಳುಹಿಸಿ. ಮುಹೂರ್ತವನ್ನು ಇಲ್ಲಿನ ಪಂಚಾಂಗದಿಂದ ನೇರವಾಗಿ ತೆಗೆದುಕೊಳ್ಳಬಾರದು, ಲಗ್ನ (ಪೂರ್ವದಲ್ಲಿ ಉದಯಿಸುವ ರಾಶಿ) ಬದಲಾಗುವುದು ಆಯಾ ಸ್ಥಳದ ಸೂರ್ಯೋದಯಕ್ಕೆ ತಕ್ಕಂತೆ.

ಕಾನೂನಿನ ವಿಷಯ ಬೇರೆ. ಅಲ್ಲಿ ಮೊದಲು ಮದುವೆಯ ಲೈಸೆನ್ಸ್ ಪಡೆಯಬೇಕು. ನ್ಯೂಜೆರ್ಸಿಯಲ್ಲಿ ಅರ್ಜಿ ಕೊಟ್ಟು 72 ಗಂಟೆಗಳಾದ ಮೇಲೆ ಅದು ಕೈಗೆ ಸಿಗುತ್ತದೆ, ಮದುವೆ ಮುಗಿದ ನಂತರ ನಡೆಸಿಕೊಟ್ಟವರೂ ಇಬ್ಬರು ಸಾಕ್ಷಿಗಳೂ ಸಹಿ ಮಾಡಬೇಕು. ಆದ್ದರಿಂದ ಅಲ್ಲಿನ ಕಾನೂನಿನಂತೆ ಮದುವೆ ನಡೆಸಲು ಅಧಿಕಾರವುಳ್ಳವರು ಮಂಟಪದಲ್ಲೇ ಇರಲಿ. ನಿಮ್ಮ ಊರಿನ ಪುರೋಹಿತರು ವೀಡಿಯೊದಲ್ಲಿ ಸಂಕಲ್ಪ ಹೇಳಿಸುವುದಕ್ಕೆ, ಆಶೀರ್ವಾದ ಮಾಡುವುದಕ್ಕೆ ಅಡ್ಡಿಯಿಲ್ಲ; ಸಮಯದ ವ್ಯತ್ಯಾಸ ನೋಡಿಕೊಂಡು ಅವರಿಗೆ ಮೊದಲೇ ತಿಳಿಸಿ. ಲೈಸೆನ್ಸಿನ ಅರ್ಜಿಯನ್ನು ಮಗ ಮತ್ತು ಸೊಸೆಯಾಗುವವರು ಮದುವೆಯ ವಾರಕ್ಕೆ ಉಳಿಸಿಕೊಳ್ಳದೆ ಸಾಕಷ್ಟು ಮೊದಲೇ ಸಲ್ಲಿಸಲಿ.